ಆರೋಗ್ಯ ಚಿಂತನ: ಪಾರ್ಶ್ವವಾಯುವಿನ ಅನಂತರದ ವರ್ಷಗಳು

ಲಂಡನ್ನಿನ ಲ್ಯಾಂಬೆತ್ ಎಂಬ ಹೆಸರು ನಮ್ಮ ಓದುಗ ಬಂಧುಗಳಿಗೆ ಅಪರಿಚಿತವಲ್ಲ. 2015ರ ನವೆಂಬರ್ 14ರಂದು ಥೇಮ್ಸ್ ನದಿಯ ದಂಡೆಯ ಮೇಲೆ ಬಸವೇಶ್ವರರ ಪ್ರತಿಮೆ ಅನಾವರಣಗೊಂಡದ್ದು ಅಲ್ಲಿಯೇ. ಅದಕ್ಕೂ 20 ವರ್ಷ ಮೊದಲು ಅದೇ ಪ್ರದೇಶದಲ್ಲಿ ಸದ್ದುಗದ್ದಲವಿಲ್ಲದೆ ಆರಂಭವಾದ ವೈದ್ಯಕೀಯ ಕಾರ್ಯವೊಂದನ್ನು ಬಲ್ಲವರು ವಿರಳ. ಲಕ್ವ ಹೊಡೆದು ಮನೆ ಹಿಡಿದ ಹಿರಿಯರೊಬ್ಬರು ನಮ್ಮ ಬಹುತೇಕ ಬಳಗಗಳಲ್ಲಿ ಇರುವುದರಿಂದ ಆ ಕಾರ್ಯವನ್ನು ಈ ತಿಂಗಳು ಪರಿಚಯಿಸುವುದು ಉಚಿತವೆಂದು ಭಾವಿಸಿದ್ದೇವೆ.

1995ರಲ್ಲಿ ಲ್ಯಾಂಬೆತ್ ಮತ್ತು ನೆರೆಯ ಸದರ್ಕ್ ಪ್ರದೇಶದ ನಿವಾಸಿಗಳಲ್ಲಿ ಮೊದಲ ಬಾರಿ ಪಾರ್ಶ್ವವಾಯುವಿಗೆ ತುತ್ತಾದವರನ್ನೆಲ್ಲ ದಾಖಲಿಸಲು ಸಂಶೋಧಕರು ತೊಡಗಿದರು. ಆಸ್ಪತ್ರೆ ಸೇರಿದವರನ್ನು ಮಾತ್ರವಲ್ಲ, ಮನೆಯಲ್ಲಿಯೇ ಉಳಿದು ಬಡಾವಣೆಯ ವೈದ್ಯರಿಂದ ಚಿಕಿತ್ಸೆ ಪಡೆದವರನ್ನೂ ಹುಡುಕಿ ಸೇರಿಸಿದರು. ಮೂರು ತಿಂಗಳಿಗೊಮ್ಮೆ, ವರ್ಷ ತುಂಬಿದಾಗ ಮತ್ತೊಮ್ಮೆ, ಆಮೇಲೆ ಪ್ರತಿ ವರ್ಷವೂ ಅವರನ್ನು ವಿಚಾರಿಸುವುದು ಈ ಕಾರ್ಯದ ಕ್ರಮ. ಕೇಳುವ ಪ್ರಶ್ನೆಗಳೂ ಸರಳ: ಅಡುಗೆ ಮಾಡುತ್ತೀರಾ, ಪಾತ್ರೆ ತೊಳೆಯುತ್ತೀರಾ, ಪೇಟೆಗೆ ಹೋಗಿ ಬರುತ್ತೀರಾ, ತೋಟದಲ್ಲಿ ಕೈಯಾಡಿಸುತ್ತೀರಾ, ಪುಸ್ತಕ ಓದುತ್ತೀರಾ? ನಮ್ಮ ಮನೆಗಳಲ್ಲಿ ಕೇಳುವುದಾದರೆ ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕಾದೀತು. ಎಡಗೈ ಬಿದ್ದುಹೋದವರು ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿಯಲಾರದೆ ಒಳಗೊಳಗೇ ಎಷ್ಟು ನೊಂದುಕೊಳ್ಳುತ್ತಾರೆಂಬುದು ಅನ್ಯರಿಗೆ ತಿಳಿಯದು.

ಕಿಂಗ್ಸ್ ಕಾಲೇಜಿನ ಚಾರ್ಲ್ಸ್ ವುಲ್ಫ್ ಮತ್ತು ಸಂಗಡಿಗರು ಹತ್ತು ವರ್ಷಗಳ ಲೆಕ್ಕವನ್ನು 2011ರಲ್ಲಿ ಪ್ರಕಟಿಸಿದರು. ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ಕಾಣುವುದು ನಿಜ. ಆದರೆ ಅನಂತರ ಹತ್ತು ವರ್ಷ ಕಳೆದರೂ ಬದುಕುಳಿದವರಲ್ಲಿ ಶೇಕಡ 20ರಿಂದ 30ರಷ್ಟು ಮಂದಿ ಒಂದಲ್ಲ ಒಂದು ವಿಧದಲ್ಲಿ ದುಃಸ್ಥಿತಿಯಲ್ಲಿಯೇ ಇದ್ದರು. ಮನೋವ್ಯಾಕುಲವಂತೂ ಯಾವ ವರ್ಷ ನೋಡಿದರೂ ಸುಮಾರು ಮೂವರಲ್ಲಿ ಒಬ್ಬರನ್ನು ಕಾಡುತ್ತಿತ್ತು. 'ಅಪ್ಪನಿಗೆ ಈಚೆಗೆ ಸಿಟ್ಟು ಹೆಚ್ಚು', 'ಅವ್ವ ಮಾತೇ ಬಿಟ್ಟಳು' ಎಂದು ನಾವು ಸ್ವಭಾವಕ್ಕೋ ವಯಸ್ಸಿಗೋ ಕಟ್ಟುವ ಎಷ್ಟೋ ಸಂಗತಿಗಳು ಚಿಕಿತ್ಸೆಗೆ ಬಗ್ಗುವ ಕಾಯಿಲೆಯಾಗಿರಬಹುದು.

ಆ ದೇಶದಲ್ಲಿ 2004ರಿಂದ ಕುಟುಂಬವೈದ್ಯರು ಪಾರ್ಶ್ವವಾಯು ರೋಗಿಗಳ ಪಟ್ಟಿಯಿಟ್ಟು ರಕ್ತದೊತ್ತಡವನ್ನು ಅಳೆದು ಬರೆದರೆ ಸರಕಾರ ಹಣ ಕೊಡುವ ವ್ಯವಸ್ಥೆ ಬಂದಿತು. ಒಳ್ಳೆಯದೇ, ಮತ್ತೊಮ್ಮೆ ಹೊಡೆತ ಬೀಳದಂತೆ ತಡೆಯುವುದರಲ್ಲಿ ರಕ್ತದೊತ್ತಡದ ಹತೋಟಿಯಷ್ಟು ಮುಖ್ಯವಾದುದು ಬೇರೊಂದಿಲ್ಲ. ಆದರೂ 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಮೀಕ್ಷೆಯೊಂದರಲ್ಲಿ, ರೋಗ ಬಂದು ಒಂದರಿಂದ ಐದು ವರ್ಷಗಳಾಗಿದ್ದವರ ಪೈಕಿ ಅರ್ಧದಷ್ಟು ಜನ ತಮ್ಮ ಅಗತ್ಯಗಳು ಈಡೇರಿಲ್ಲವೆಂದು ತಿಳಿಸಿದರು. ದಣಿವು, ಮರೆವು, ಬೀಳುವ ಭಯ, ಇವನ್ನು ಬಿ.ಪಿ. ಯಂತ್ರ ತೋರಿಸಲಾರದಷ್ಟೆ!

ನಮ್ಮ ದೇಶದ ಮಾತು ಬೇರೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ರೋಗ ಮಾಹಿತಿ ಸಂಶೋಧನಾ ಕೇಂದ್ರದ ಆಶ್ರಯದಲ್ಲಿ ಕಟಕ್, ತಿರುನೆಲ್ವೇಲಿ, ವಾರಾಣಸಿ, ಕೋಟಾ ಮತ್ತು ಕಛಾರ್‌ಗಳಲ್ಲಿ ಪಾರ್ಶ್ವವಾಯು ದಾಖಲಾತಿ ನಡೆದಿದೆ. ಅವುಗಳ ವರದಿಗಳು ಮರಣವನ್ನು ಮುಖ್ಯವಾಗಿ ಮೊದಲ 28 ದಿನಗಳವರೆಗೆ ಎಣಿಸುತ್ತವೆ. ಇಪ್ಪತ್ತೊಂಬತ್ತನೆಯ ದಿನದಿಂದ ರೋಗಿ ಮನೆಯವರ ಪಾಲು.

ಹಾಗಾದರೆ ಮನೆಯವರಿಗೇ ತರಬೇತಿ ಕೊಟ್ಟರೆ ಹೇಗೆ? ಈ ಆಲೋಚನೆಯನ್ನು ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳೊಂದಿಗೆ ಪರೀಕ್ಷಿಸಲಾಯಿತು. ಒಂದು ಗುಂಪಿನ ಮನೆಯವರಿಗೆ ವ್ಯಾಯಾಮ ಮಾಡಿಸುವುದನ್ನೂ ಆರೈಕೆಯ ಕ್ರಮವನ್ನೂ ಕಲಿಸಿದರು. ಇನ್ನೊಂದಕ್ಕೆ ಎಂದಿನ ಚಿಕಿತ್ಸೆ ಮಾತ್ರ. 2017ರಲ್ಲಿ ಪ್ರಕಟವಾದ ಫಲಿತಾಂಶ ಇದು: ಆರು ತಿಂಗಳಾದಾಗ ಮರಣ ಹೊಂದಿದವರು ಮತ್ತು ಪರಾವಲಂಬಿಗಳಾದವರು ಎರಡು ಗುಂಪಿನಲ್ಲಿಯೂ ಶೇಕಡ 47. ಕೂಡುಕುಟುಂಬದ ಹಿರಿಮೆಯನ್ನು ಹಾಡಿ ಹೊಗಳುವ ನಮ್ಮಂಥವರಿಗೆ ಇದು ಕಹಿ ಸುದ್ದಿ. ಸೇವೆ ವ್ಯರ್ಥವೆಂದು ಇದರ ಅರ್ಥವಲ್ಲ. ಆದರೆ ಬಲ್ಲವರು ಮಾಡಬೇಕಾದ ಕೆಲಸವನ್ನು ಸೊಸೆಯ ಹೆಗಲಿಗೆ ಹೊರಿಸಿ, ಗುಣವಾಗದಿದ್ದರೆ ಅವಳನ್ನೇ ದೂರುವ ಮನೆಗಳಿಗೆ ಈ ಅಂಕಿ ತಲುಪಬೇಕೆಂದು ನಮ್ಮ ಆಸೆ.

ಬಿ.ಪಿ. ಮಾತ್ರೆ ತರಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸಾಮಾನ್ಯವಾಗಿ ಮಗನೋ ಮೊಮ್ಮಗನೋ ಚೀಟಿ ಹಿಡಿದು ಹೋಗಿ ಬರುತ್ತಾನೆ. ರೋಗಿಯನ್ನು ವೈದ್ಯರು ಕಾಣುವುದೇ ಇಲ್ಲ. ಮೂರು ತಿಂಗಳಿಗೊಮ್ಮೆಯಾದರೂ ಅವರನ್ನೇ ಕರೆದೊಯ್ಯಿರಿ. ನಿದ್ದೆ ಹೇಗಿದೆ, ಎಷ್ಟು ಸಲ ಬಿದ್ದರು, ಕಳೆದ ಬಾರಿ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದಾರೆ ಎಂಬುದನ್ನು ತಾರೀಖು ಸಹಿತ ಒಂದು ನೋಟುಪುಸ್ತಕದಲ್ಲಿ ಬರೆದು ತೋರಿಸಿರಿ. ವೈದ್ಯರು ಪ್ರಶ್ನೆ ಕೇಳಿದಾಗ ಉತ್ತರವನ್ನು, ತೊದಲಿದರೂ ತಡವಾದರೂ, ಅವರೇ ಹೇಳಲಿ.