ಎಡಗೈ ಮನೆ ಬಿಟ್ಟು ಹೋಗುವುದಿಲ್ಲ

ಈ ಸಲ ಎರಡೇ ಪುಟದ ಒಂದು ಸಂಗೀತದ ಬಗ್ಗೆ ಬರೆಯುತ್ತೇನೆ. ಎಸ್ಟೋನಿಯಾದ ಆರ್ವೋ ಪ್ಯಾರ್ಟ್ 1976ರಲ್ಲಿ ಪಿಯಾನೋಗೆಂದೇ ಬರೆದ ಕೃತಿ ಇದು. ಹೆಸರು ‘ಫ್ಯೂರ್ ಅಲಿನಾ’, ಅಂದರೆ ಅಲಿನಾಳಿಗಾಗಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನಮಗೆ ಒಗ್ಗುವುದಿಲ್ಲ ಎನ್ನುವವರೂ ಒಮ್ಮೆ ಕೇಳಿ ನೋಡಬಹುದು.

ಇದರ ಹಿಂದೆ ಒಂದು ದೀರ್ಘ ಮೌನವಿದೆ. 1968ರಲ್ಲಿ ಪ್ಯಾರ್ಟ್ ಅವರ ‘ಕ್ರೆಡೋ’ ಕ್ರಿಸ್ತನಲ್ಲಿನ ನಂಬಿಕೆಯನ್ನು ನೇರವಾಗಿ ಸಾರಿತು. ಆಗ ಎಸ್ಟೋನಿಯಾ ಸೋವಿಯತ್ ಒಕ್ಕೂಟದಲ್ಲಿತ್ತು. ಅಧಿಕಾರಸ್ಥರು ಸಿಟ್ಟಾದರು. ಅವರಿಗೂ ತಮ್ಮ ಹಳೆಯ ಶೈಲಿ ಸಾಕಾಗಿತ್ತು. ನಂತರದ ಎಂಟು ವರ್ಷಗಳಲ್ಲಿ ಬರೆದದ್ದು ಕಡಿಮೆ, ಅಭ್ಯಾಸ ಮಾಡಿದ್ದೇ ಹೆಚ್ಚು. ಚರ್ಚುಗಳ ಪುರಾತನ ಗ್ರೆಗೋರಿಯನ್ ಗಾಯನವನ್ನು ಅಕ್ಷರ ಕಲಿಯುವ ಮಗುವಿನಂತೆ ಕಲಿತರು. ಆಮೇಲೆ ಬಂದದ್ದು ಈ ಎರಡು ಪುಟ.

ನಾನು ಕೋಡ್ ಬರೆಯುವವನು, ಹಾಗಾಗಿ ಮೊದಲು ಕಣ್ಣಿಗೆ ಬಿದ್ದದ್ದು ಇದರ ನಿಯಮ. ಬಲಗೈ ಬಿ ಮೈನರ್ ಸ್ವರಶ್ರೇಣಿಯಲ್ಲಿ ಅಡ್ಡಾಡುತ್ತದೆ. ಎಡಗೈಗೆ ಅದೇ ಶ್ರೇಣಿಯ ಮೂರೇ ಸ್ವರ: ಬಿ, ಡಿ, ಎಫ್ ಶಾರ್ಪ್. ಬಲಗೈ ಎಲ್ಲಿಗೆ ಹೋದರೂ ಎಡಗೈ ಆ ಮೂರರಲ್ಲಿ ಹತ್ತಿರದ್ದನ್ನು ಹಿಡಿದು ಕೆಳಗಿನಿಂದ ಜೊತೆ ಕೊಡುತ್ತದೆ. ಸ್ವರಗುಚ್ಛಗಳು ಒಂದೊಂದೇ ಸ್ವರ ಸೇರಿ ಬೆಳೆದು, ಮತ್ತೆ ಒಂದೊಂದೇ ಕಳೆದು ಕುಗ್ಗುತ್ತವೆ. ತಾಳವಿಲ್ಲ. ಆರಂಭದಲ್ಲಿ ಬಾರಿಸಿದ ಮಂದ್ರ ಸ್ವರ ಪೆಡಲಿನ ಆಸರೆಯಲ್ಲಿ ಗುನುಗುತ್ತಿರುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ತೀರಾ ಹೊಸದೇನಲ್ಲ. ಪ್ಯಾರ್ಟ್ ಈ ಶೈಲಿಗೆ ‘ಟಿಂಟಿನಾಬುಲಿ’ ಎಂದು ಹೆಸರಿಟ್ಟರು. ಪುಟ್ಟ ಗಂಟೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರಿದು.

ಇಡೀ ಕೃತಿಯಲ್ಲಿ ಎಡಗೈ ಒಮ್ಮೆ ಮಾತ್ರ ನಿಯಮ ಮುರಿದು ಸಿ ಶಾರ್ಪ್ ನುಡಿಸುತ್ತದೆ. ಅಲ್ಲಿ ಪ್ಯಾರ್ಟ್ ಒಂದು ಹೂವು ಬಿಡಿಸಿದ್ದಾರೆ.

ಅಲಿನಾ ಅವರ ಸ್ನೇಹಿತರ ಮಗಳು. ಇಂಗ್ಲೆಂಡಿಗೆ ಹೋದವಳು. ಸೋವಿಯತ್ ಗಡಿ ದಾಟಿ ಹೋಗಿ ಬರುವುದು ಸುಲಭವಿರಲಿಲ್ಲ. ಆದ್ದರಿಂದ ಹೆಸರು ಮಗಳದ್ದಾದರೂ, ಸಮಾಧಾನ ಬೇಕಿದ್ದದ್ದು ಹಿಂದೆ ಉಳಿದ ತಾಯಿಗೆ.

ಇದು ಗೊತ್ತಾದ ಮೇಲೆ ನಾನು ಕೇಳುವ ರೀತಿಯೇ ಬದಲಾಯಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ಧಾರವಾಡದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಪುಣೆಗೆ ಬಾ ಎಂದರೆ ತುಳಸಿಗೆ ನೀರು ಯಾರು ಹಾಕ್ತಾರೆ ಅನ್ನುತ್ತಾಳೆ. ದಿನಾ ರಾತ್ರಿ ಫೋನು. ಊಟ, ಮಳೆ, ಮಾತ್ರೆ ಎಲ್ಲ ಐದು ನಿಮಿಷದಲ್ಲಿ ಮುಗಿಯುತ್ತದೆ. ‘ಮತ್ತೇನು?’ ‘ಮತ್ತೇನಿಲ್ಲ.’ ಆದರೂ ಇಬ್ಬರೂ ಫೋನ್ ಇಡುವುದಿಲ್ಲ. ಅವಳ ಟಿವಿ ನನಗೆ ಕೇಳುತ್ತಿರುತ್ತದೆ, ನನ್ನ ಕೀಬೋರ್ಡ್ ಅವಳಿಗೆ. ಮಾತಿಲ್ಲದ ಆ ಎರಡು ನಿಮಿಷ ವ್ಯರ್ಥವೆಂದು ಈಗ ಅನ್ನಿಸುವುದಿಲ್ಲ.

ಪ್ಯಾರ್ಟ್ ಆ ತಾಯಿಗೆ ಮಗಳು ಬಂದೇ ಬರುತ್ತಾಳೆ ಎಂದು ಹೇಳಲಿಲ್ಲ. ಹಾಗೆ ಹೇಳುವುದು ಅವರ ಕೈಯಲ್ಲೂ ಇರಲಿಲ್ಲ. ಅಲೆಯುವ ಪ್ರತಿ ಸ್ವರದ ಕೆಳಗೆ ಮನೆಯ ಒಂದು ಸ್ವರವನ್ನು ಇಟ್ಟರು, ಅಷ್ಟೆ. ಮುಂದೆ 1980ರಲ್ಲಿ ಅವರೇ ಕುಟುಂಬದೊಂದಿಗೆ ದೇಶ ಬಿಡಬೇಕಾಯಿತು.

ಕೇಳುವುದಾದರೆ 1999ರ ‘ಅಲಿನಾ’ ಆಲ್ಬಮ್‌ನಲ್ಲಿ ಅಲೆಕ್ಸಾಂಡರ್ ಮಾಲ್ಟರ್ ನುಡಿಸಿದ್ದನ್ನು ಕೇಳಿ. ಎರಡು ಪುಟವನ್ನೇ ಹತ್ತು ನಿಮಿಷದಷ್ಟು ವಿಸ್ತರಿಸಿದ್ದಾರೆ. ಕ್ಯಾಬಿನಲ್ಲಿ ಬೇಡ, ಹಾರ್ನ್ ಸದ್ದಿನಲ್ಲಿ ಕಳೆದುಹೋಗುತ್ತದೆ. ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ ಕೇಳಿ. ಕೊನೆಯ ಸ್ವರ ತಾನಾಗಿ ಆರುವವರೆಗೆ ಮುಂದಿನ ಹಾಡಿಗೆ ಹೋಗಬೇಡಿ.