ಪದಬಂಧವೂ ವಿಜ್ಞಾನದ ಮನೋಧರ್ಮವೂ

ದಿನಪತ್ರಿಕೆಯಲ್ಲಿ ಅಚ್ಚಾಗುವ ಸಂಗತಿಗಳಲ್ಲಿ ಬಹುಪಾಲು ಮರುದಿನಕ್ಕೆ ಹಳತಾಗುತ್ತವೆ. ಮಂತ್ರಿಮಂಡಲಗಳು ಬರುತ್ತವೆ, ಹೋಗುತ್ತವೆ. ಪೇಟೆಯ ಧಾರಣೆ ಏರುತ್ತದೆ, ಇಳಿಯುತ್ತದೆ. ಇವೆಲ್ಲದರ ನಡುವೆ, ಪುಟದ ಒಂದು ಮೂಲೆಯಲ್ಲಿ, ಕಪ್ಪು ಬಿಳುಪು ಮನೆಗಳ ಚೌಕವೊಂದು ನೂರು ವರ್ಷಗಳಿಗೂ ಮಿಗಿಲಾಗಿ ತನ್ನ ಸ್ಥಾನವನ್ನು ಉಳಿಸಿಕೊಂಡು ಬಂದಿದೆ. ಅದೇ ಪದಬಂಧ. ಅದನ್ನು ಬಿಡಿಸುವುದರಿಂದ ಪರೀಕ್ಷೆಯಲ್ಲಿ ಅಂಕಗಳು ದೊರೆಯುವುದಿಲ್ಲ. ಆದರೂ ಲಕ್ಷಾಂತರ ಜನರು ನಿತ್ಯವೂ ಅದರ ಮುಂದೆ ಪೆನ್ಸಿಲು ಹಿಡಿದು ಕುಳಿತುಕೊಳ್ಳುತ್ತಾರೆ. ಈ ಆಕರ್ಷಣೆಗೆ ಕಾರಣವೇನು? ಇದು ಬರಿಯ ಕಾಲಹರಣವೆ? ವಿದ್ಯಾರ್ಥಿಗಳಾದ ನಮ್ಮ ವಾಚಕರೊಡನೆ ಈ ವಿಷಯವನ್ನು ಸ್ವಲ್ಪ ವಿಚಾರ ಮಾಡಬೇಕೆಂದು ನಮ್ಮ ಅಪೇಕ್ಷೆ.

ಇಂದಿನ ಪದಬಂಧದ ಮೂಲಪುರುಷನು ಆರ್ಥರ್ ವಿನ್ ಎಂಬ ಪತ್ರಕರ್ತ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲಸಿದ್ದ ಈತನು 1913ನೆಯ ಡಿಸೆಂಬರ್ 21ರ ಭಾನುವಾರ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯ ವಿನೋದ ಪುರವಣಿಯಲ್ಲಿ ವಜ್ರಾಕೃತಿಯ ಒಂದು ಪದಕ್ರೀಡೆಯನ್ನು ಪ್ರಕಟಿಸಿದನು. ಅದಕ್ಕೆ ಇಟ್ಟ ಹೆಸರು 'ವರ್ಡ್-ಕ್ರಾಸ್'. ಕೆಲವೇ ವಾರಗಳಲ್ಲಿ ಅಚ್ಚಿನವರ ಕೈಯಲ್ಲಿ ಹೆಸರು ಹಿಂದುಮುಂದಾಗಿ 'ಕ್ರಾಸ್-ವರ್ಡ್' ಎಂದಾಯಿತು. ಅದೇ ಸ್ಥಿರವಾಗಿ ನಿಂತಿತು. 1924ರಲ್ಲಿ ಪದಬಂಧಗಳ ಮೊದಲನೆಯ ಪುಸ್ತಕ, ಜೊತೆಗೊಂದು ಪೆನ್ಸಿಲಿನೊಡನೆ, ಹೊರಬಂದಿತು. ಜನರ ಹುಚ್ಚನ್ನು ಕಂಡು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಅದೇ ವರ್ಷ ಇದನ್ನು ವ್ಯರ್ಥ ಕಾಲಕ್ಷೇಪವೆಂದು ಖಂಡಿಸಿತು. ಆದರೆ ಕಾಲದ ಮಹಿಮೆಯನ್ನು ನೋಡಿರಿ: ಮಹಾಯುದ್ಧದ ಸುದ್ದಿಯಿಂದ ಜನರು ಕಳವಳಗೊಂಡಿದ್ದಾಗ, 1942ನೆಯ ಫೆಬ್ರವರಿ 15ರಂದು, ಅದೇ ಪತ್ರಿಕೆ ತನ್ನ ಭಾನುವಾರದ ಸಂಚಿಕೆಯಲ್ಲಿ ಪದಬಂಧಕ್ಕೆ ಸ್ಥಳ ಕೊಟ್ಟಿತು; 1950ರಿಂದ ಪ್ರತಿದಿನವೂ ಕೊಡತೊಡಗಿತು. ಲಂಡನ್ನಿನ 'ಟೈಮ್ಸ್' 1930ರಲ್ಲಿಯೇ ಸೋತು ಶರಣಾಗಿದ್ದಿತು.

ಪದಬಂಧ ಸಾಧ್ಯವಾಗುವುದಾದರೂ ಹೇಗೆ? ಈ ಪ್ರಶ್ನೆಗೆ ಗಣಿತದ ಉತ್ತರವನ್ನು ಕೊಟ್ಟವನು ಮಾಹಿತಿ ಸಿದ್ಧಾಂತದ ಪ್ರವರ್ತಕನಾದ ಕ್ಲಾಡ್ ಶ್ಯಾನನ್. ಭಾಷೆಯಲ್ಲಿ ಅಕ್ಷರಗಳು ಮನಬಂದಂತೆ ಸೇರುವುದಿಲ್ಲ. ಕೆಲವು ಅಕ್ಷರಗಳು ತಿಳಿದರೆ ಉಳಿದವನ್ನು ಊಹಿಸಬಹುದು. ಹೀಗೆ ಊಹೆಗೆ ಸಿಕ್ಕುವ ಅಂಶವನ್ನು ಭಾಷೆಯ 'ಅತಿರಿಕ್ತತೆ' ಎನ್ನೋಣ. ಅದು ಸೊನ್ನೆಯಾಗಿದ್ದರೆ ಯಾವ ಅಕ್ಷರಗಳನ್ನು ಹೇಗೆ ತುಂಬಿದರೂ ಪದಬಂಧವೇ ಆಗುತ್ತಿತ್ತು. ಬಿಡಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಅದು ಅತಿಯಾಗಿದ್ದರೆ ಪದಗಳು ಒಂದನ್ನೊಂದು ಛೇದಿಸುವಂತೆ ಹೆಣೆಯುವುದು ಅಸಾಧ್ಯವಾಗುತ್ತಿತ್ತು. ಅತಿರಿಕ್ತತೆ ಸುಮಾರು ಶೇಕಡಾ 50 ಇದ್ದಾಗ ದೊಡ್ಡ ಪದಬಂಧಗಳು ಕಷ್ಟದಿಂದ ಸಾಧ್ಯವಾಗುತ್ತವೆ ಎಂದು ಶ್ಯಾನನ್ 1948ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದನು. ಅವನ ಅಂದಾಜಿನಂತೆ ಇಂಗ್ಲಿಷ್ ಭಾಷೆಯ ಅತಿರಿಕ್ತತೆಯೂ ಸುಮಾರು ಅಷ್ಟೇ. ನಿಯಮಕ್ಕೂ ಸ್ವಾತಂತ್ರ್ಯಕ್ಕೂ ನಡುವಣ ಕಿರಿದಾದ ಹಾದಿಯಲ್ಲಿ ಈ ಆಟ ನಡೆಯುತ್ತದೆಂದಾಯಿತು.

ಆದರೆ ಬಿಡಿಸುವವನಿಗೆ ದೊರೆಯುವ ಸಂತೋಷದ ಗುಟ್ಟು ಬೇರೊಂದು ಕಡೆಯಲ್ಲಿದೆ. ಒಂದು ಉದಾಹರಣೆಯನ್ನು ನೋಡೋಣ. ಎಡದಿಂದ ಬಲಕ್ಕೆ ಮೂರಕ್ಷರಗಳ ಪದ, ಸುಳಿವು 'ಕಣ್ಣು'. 'ನಯನ' ಎಂದು ನಾವು ಧೈರ್ಯವಾಗಿ ಬರೆದುಬಿಡುತ್ತೇವೆ. ನಡುವಣ ಮನೆಯಿಂದ ಕೆಳಕ್ಕೆ ಇಳಿಯುವ ಇನ್ನೊಂದು ಪದಕ್ಕೆ ಸುಳಿವು, 'ಬೆಳದಿಂಗಳನ್ನು ಉಂಡು ಬದುಕುವುದೆಂದು ಕವಿಗಳು ವರ್ಣಿಸುವ ಹಕ್ಕಿ'. ಅದು ಚಕೋರವಲ್ಲದೆ ಬೇರೆಯಲ್ಲ. ಆ ಮನೆಯಲ್ಲಿ 'ಯ' ನಿಲ್ಲಲಾರದು, 'ಚ' ಬರಬೇಕು. ಆಗ 'ನಯನ'ವನ್ನು ಅಳಿಸಿ 'ಲೋಚನ'ವನ್ನು ಬರೆಯುತ್ತೇವೆ. ನಮ್ಮ ಮೊದಲನೆಯ ಉತ್ತರ ಅರ್ಥದಲ್ಲಿ ತಪ್ಪಾಗಿರಲಿಲ್ಲ. 'ಕಣ್ಣು' ಎಂಬ ಸುಳಿವಿಗೆ ಅದು ಸರಿಯಾಗಿಯೇ ಹೊಂದುತ್ತಿತ್ತು. ಆದರೂ ಸ್ವತಂತ್ರವಾದ ಇನ್ನೊಂದು ಸಾಕ್ಷ್ಯದ ಮುಂದೆ ಅದು ನಿಲ್ಲಲಿಲ್ಲ. ಪದಬಂಧದ ಜೀವಾಳವೇ ಈ ಛೇದನ.

ವಿಜ್ಞಾನದ ಮಾರ್ಗವೂ ಇದೇ ಅಲ್ಲವೆ? ವಿಜ್ಞಾನಿಯು ಮೊದಲು ಒಂದು ಊಹೆಯನ್ನು ಮಾಡುತ್ತಾನೆ. ಅದು ಒಂದು ಸಂಗತಿಗೆ ಹೊಂದಿಕೊಂಡರೆ ಸಾಲದು. ಬೇರೆ ದಿಕ್ಕಿನಿಂದ ಬಂದ ಸಾಕ್ಷ್ಯಕ್ಕೂ ಹೊಂದಬೇಕು. ಹೊಂದದಿದ್ದರೆ ಎಷ್ಟೇ ಪ್ರಿಯವಾಗಿದ್ದರೂ ಅದನ್ನು ಅಳಿಸಬೇಕು. ಈ ಸಾಮ್ಯ ನಮ್ಮ ಕಲ್ಪನೆಯಷ್ಟೇ ಅಲ್ಲ. 1942ನೆಯ ಜನವರಿಯಲ್ಲಿ ಲಂಡನ್ನಿನ 'ಡೈಲಿ ಟೆಲಿಗ್ರಾಫ್' ಪತ್ರಿಕೆ ಪದಬಂಧವನ್ನು 12 ನಿಮಿಷಗಳೊಳಗೆ ಬಿಡಿಸುವ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಅದರಲ್ಲಿ ಭಾಗವಹಿಸಿದ ಕೆಲವರನ್ನು ಸರ್ಕಾರವು ಅನಂತರ ಗುಟ್ಟಾಗಿ ಕರೆಯಿಸಿಕೊಂಡು, ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುವಿನ ಸಂಕೇತಲಿಪಿಯನ್ನು ಭೇದಿಸುವ ಕಾರ್ಯಕ್ಕೆ ನೇಮಿಸಿತು. ಅಲ್ಲಿಯೂ ನಡೆಯುತ್ತಿದ್ದುದು ಇದೇ ಕ್ರಮ: ಸಂದೇಶದಲ್ಲಿ ಇಂಥ ಪದವಿದ್ದೀತೆಂದು ಊಹಿಸುವುದು, ವಿರೋಧ ಕಂಡುಬಂದೊಡನೆ ಆ ಊಹೆಯನ್ನು ಕೈಬಿಡುವುದು.

ಕನ್ನಡದ ಪದಬಂಧಕ್ಕೆ ತನ್ನದೇ ಆದ ಒಂದು ಗುಣವಿದೆ. ಇಂಗ್ಲಿಷಿನಲ್ಲಿ ಒಂದು ಮನೆಗೆ 26 ಅಕ್ಷರಗಳಲ್ಲಿ ಒಂದನ್ನು ಆರಿಸಿದರೆ ಸಾಕು. ನಮ್ಮಲ್ಲಿ ಕಾಗುಣಿತ ಸಹಿತವಾದ ಪೂರ್ಣಾಕ್ಷರವೇ ಮನೆಯನ್ನು ತುಂಬಬೇಕು. 34 ವ್ಯಂಜನಗಳನ್ನು 13 ಸ್ವರಗಳೊಡನೆ ಸೇರಿಸಿದರೆ 442 ಗುಣಿತಾಕ್ಷರಗಳಾಗುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಆದುದರಿಂದ ರಚಿಸುವವನ ಕಷ್ಟ ಹೆಚ್ಚು. ಆದರೆ ಒಂದು ಮನೆ ತುಂಬಿತೆಂದರೆ ಬಿಡಿಸುವವನಿಗೆ ದೊರೆಯುವ ನೆರವೂ ಹೆಚ್ಚು. ಹ್ರಸ್ವ ದೀರ್ಘಗಳನ್ನೂ, ಲಕಾರ ಳಕಾರಗಳನ್ನೂ, ಅಲ್ಪಪ್ರಾಣ ಮಹಾಪ್ರಾಣಗಳನ್ನೂ ಬೇರ್ಪಡಿಸಿ ತಿಳಿಯದವನು ಇಲ್ಲಿ ಮುಂದುವರಿಯಲಾರನು. ಭಾಷಾಶುದ್ಧಿಗೆ ಇದಕ್ಕಿಂತ ಹಿತವಾದ ಉಪಾಧ್ಯಾಯ ದೊರೆಯುವುದು ಕಷ್ಟ.

ಹಾಗೆಂದು ಪದಬಂಧಕ್ಕೆ ಇಲ್ಲದ ಮಹಿಮೆಯನ್ನು ಆರೋಪಿಸುವುದು ಸರಿಯಲ್ಲ. ಇದನ್ನು ಬಿಡಿಸುತ್ತಿದ್ದರೆ ಮುಪ್ಪಿನ ಮರೆವು ಬರುವುದೇ ಇಲ್ಲವೆಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಖಚಿತವಾಗಿ ಸಿದ್ಧಪಟ್ಟಿಲ್ಲ. ವಿಜ್ಞಾನದೊಡನೆ ಇದರ ಸಾಮ್ಯಕ್ಕೂ ಒಂದು ಎಲ್ಲೆಯಿದೆ. ಪದಬಂಧಕ್ಕೆ ಉತ್ತರ ಇದ್ದೇ ಇದೆಯೆಂದು ನಮಗೆ ಮೊದಲೇ ಗೊತ್ತು. ಪ್ರಕೃತಿ ಅಂಥ ಭರವಸೆಯನ್ನು ಕೊಡುವುದಿಲ್ಲ.

ನಮ್ಮನ್ನು ಚಿಂತೆಗೆ ಈಡುಮಾಡಿರುವುದು ಇನ್ನೊಂದು ಸಂಗತಿ. ಪದಕ್ರೀಡೆಗಳ ಮೋಹ ಕಡಮೆಯಾಗಿಲ್ಲ. 2021ರಲ್ಲಿ ಜಾಶ್ ವಾರ್ಡಲ್ ಎಂಬಾತನು ಲೋಕಕ್ಕೆ ಒಪ್ಪಿಸಿದ 'ವರ್ಡಲ್' ಎಂಬ ಆಟ, ಐದಕ್ಷರಗಳ ಪದವನ್ನು ಆರು ಊಹೆಗಳಲ್ಲಿ ಹುಡುಕುವ ಆಟ, ಕೆಲವೇ ತಿಂಗಳುಗಳಲ್ಲಿ ಲಕ್ಷಾಂತರ ಜನರನ್ನು ಸೆಳೆಯಿತು. ಆದರೆ ಅದೇ ಕೈಯಂತ್ರದಲ್ಲಿ ಯಾವ ಸುಳಿವನ್ನು ಕೇಳಿದರೂ ಕ್ಷಣದಲ್ಲಿ ಸಿದ್ಧವಾದ ಉತ್ತರ ಬರುತ್ತದೆ. ಅದನ್ನು ನಕಲು ಮಾಡಿ ಚೌಕವನ್ನು ತುಂಬಿಸಿದ ವಿದ್ಯಾರ್ಥಿಗೆ ಪದಗಳು ದೊರೆತವು ನಿಜ. ಸಂಶಯಪಡುವುದು, ಒರೆಗೆ ಹಚ್ಚುವುದು, ತನ್ನ ಬರಹವನ್ನು ತಾನೇ ಅಳಿಸುವುದು, ಈ ಮೂರೂ ಅವನ ಕೈಬಿಟ್ಟವು. ಈ ಅಭ್ಯಾಸ ಪದಬಂಧದಲ್ಲಿ ತಪ್ಪಿದರೆ ಹೆಚ್ಚು ನಷ್ಟವಿಲ್ಲ. ಆದರೆ ಸಿದ್ಧವಾದ ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಶಕ್ತಿಯೇ ಕುಂದಿದರೆ, ಮುಂದೆ ವೈದ್ಯನಾಗಿ, ಎಂಜಿನಿಯರಾಗಿ, ಮತದಾರನಾಗಿ ಅವನು ಏನು ಮಾಡಿಯಾನು?

ಆದುದರಿಂದ ನಮ್ಮ ತರುಣ ವಾಚಕರಲ್ಲಿ ಒಂದು ವಿಜ್ಞಾಪನೆ. ದಿನಕ್ಕೆ ಕಾಲು ಗಂಟೆಯನ್ನು ಪದಬಂಧಕ್ಕೆ ಮೀಸಲಿಡಿರಿ. ನಿಘಂಟನ್ನು ನೋಡಬೇಕಾದರೆ ನೋಡಿರಿ, ಹಿರಿಯರನ್ನು ಕೇಳಬೇಕಾದರೆ ಕೇಳಿರಿ. ಆದರೆ ಬಂದ ಉತ್ತರವನ್ನು ಅದನ್ನು ಛೇದಿಸುವ ಪದದೊಡನೆ ಹೋಲಿಸಿ ನೋಡದೆ ಒಪ್ಪಿಕೊಳ್ಳಬೇಡಿರಿ. ಕೆಲವು ಮನೆಗಳು ಖಾಲಿ ಉಳಿದರೆ ಅದರಲ್ಲಿ ಅವಮಾನವೇನೂ ಇಲ್ಲ. ನಾಳೆಯ ಪತ್ರಿಕೆ ಬರುವವರೆಗೆ ಕಾದರಾಯಿತು.