ಜೊತೆಗಾರನಿಲ್ಲದ ರಂಗಕೃತಿ
2025ರ ಜುಲೈ 31ರಂದು ರಂಗನಿರ್ದೇಶಕ ರಾಬರ್ಟ್ ವಿಲ್ಸನ್ ತೀರಿಕೊಂಡರು. ಸಂಗೀತಕಾರ ಫಿಲಿಪ್ ಗ್ಲಾಸರೊಡನೆ ಅವರು ರಚಿಸಿ, 1976ರಲ್ಲಿ ಫ್ರಾನ್ಸಿನ ಆವಿನ್ಯೋನಿನಲ್ಲಿ ಆಡಿಸಿದ ‘ಐನ್‌ಸ್ಟೈನ್ ಆನ್ ದಿ ಬೀಚ್’ ಗೀತನಾಟಕದ ಗತಿ ಇನ್ನೇನು? ಅದರಲ್ಲಿ ಕಥೆಯಿಲ್ಲ, ಮೇಳದವರು ಹಾಡುವುದು ಬಹುಮಟ್ಟಿಗೆ ಅಂಕಿಗಳನ್ನು, ಸ್ವರನಾಮಗಳನ್ನು. ಗ್ಲಾಸರು ಸ್ವರ ಹಾಕಿದ್ದೇ ವಿಲ್ಸನ್ನರ ಚಿತ್ರಗಳನ್ನು ಮುಂದಿಟ್ಟುಕೊಂಡು. ಸ್ವರಲಿಪಿಯೇನೋ ಉಳಿದಿದೆ, ಆ ಬೆಳಕನ್ನು, ಆ ನಿಧಾನದ ನಡೆಯನ್ನು ಯಾವ ಲಿಪಿಯಲ್ಲಿ ಹುಡುಕೋಣ?

1980ರ ‘ಸತ್ಯಾಗ್ರಹ’ದ ಮಾತು ಬೇರೆ. ಗಾಂಧೀಜಿಯವರ ದಕ್ಷಿಣ ಆಫ್ರಿಕದ ದಿನಗಳನ್ನು ಕುರಿತ ಅದರಲ್ಲಿ ಕಾನ್‌ಸ್ಟನ್ಸ್ ಡಿಯೊಂಗ್ ಆಯ್ದುಕೊಟ್ಟ ಭಗವದ್ಗೀತೆಯ ಶ್ಲೋಕಗಳನ್ನು ಸಂಸ್ಕೃತದಲ್ಲಿಯೇ ಹಾಡುತ್ತಾರೆ. ಪಠ್ಯವನ್ನೇ ನಂಬಿ ಪಾಠ ಹೇಳುವ ನನಗೆ ಇದೇ ಹೆಚ್ಚು ಭದ್ರವೆಂದು ತೋರಬೇಕು. ಆದರೂ ‘ಐನ್‌ಸ್ಟೈನ್’ ಅನ್ನು ಮೂಲರೂಪದಲ್ಲಿಯೇ ಕಾಪಿಡಬೇಕೆಂಬ ಹಟ ನನಗೆ ಒಪ್ಪಿಗೆಯಿಲ್ಲ. ವಿಲ್ಸನ್ ಬದುಕಿದ್ದಾಗಲೇ, 1988ರಲ್ಲಿ, ಆಖಿಮ್ ಫ್ರೈಯರ್ ಸ್ಟುಟ್‌ಗಾರ್ಟಿನಲ್ಲಿ ಅದನ್ನು ತಮ್ಮದೇ ರೀತಿಯಲ್ಲಿ ಆಡಿಸಿದ್ದುಂಟು.